ಹೃದಯದ ಶಸ್ತ್ರಚಿಕಿತ್ಸೆಯ ನಂತರ ತಪ್ಪುವ ನಾಡಿ: ಸಿ ಜೀವಸತ್ವದಿಂದ ಉಪಯೋಗವುಂಟೆ?



2025ನೆಯ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನದಿನವೂ ಪತ್ರಿಕೆಗಳಲ್ಲಿ ಬಂದುದು ತಮಗೆಲ್ಲ ನೆನಪಿರಬಹುದು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ಇನ್ನೂ ಹರೆಯದವರು, ತೀರಿಕೊಂಡರೆಂದು ವರದಿಯಾಯಿತು. ಜನ ಗಾಬರಿಗೊಂಡು ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿ 24 ಸಾವುಗಳನ್ನು ಪರಿಶೀಲಿಸಿ ಜುಲೈ ತಿಂಗಳಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ನಾಲ್ಕು ಸಾವುಗಳಿಗೆ ಹೃದಯ ಕಾರಣವೇ ಅಲ್ಲವೆಂದೂ, ಜಿಲ್ಲೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ, ಮಡಿದವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಧೂಮಪಾನ, ಮದ್ಯಪಾನ ಮುಂತಾದ ಪರಿಚಿತ ಕಾರಣಗಳೇ ಇದ್ದುವೆಂದೂ ಅದು ತಿಳಿಸಿತು.

ವರದಿ ಬಂದರೂ ಅಂಜಿಕೆ ಪೂರ್ತಿ ಹೋಗಲಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗುವಾಗ ಹಾಲಿನ ಡೈರಿಯ ಮುಂದೆಯೋ ಸೊಸೈಟಿಯ ಜಗುಲಿಯ ಮೇಲೆಯೋ ಈ ಮಾತು ಈಗಲೂ ಬರುತ್ತದೆ. ಅದರೊಂದಿಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಸ್ವಾಮಿ, ವಿಟಮಿನ್ ಸಿ ಮಾತ್ರೆ ನುಂಗಿದರೆ ಹೃದಯ ಗಟ್ಟಿಯಾಗುತ್ತದಂತೆ, ಆಪರೇಷನ್ ಆದವರಿಗೆ ಎದೆಬಡಿತ ತಪ್ಪುವುದಿಲ್ಲವಂತೆ, ಹೌದೇ?" ನಾನು ಬೇಸಾಯದ ಡಿಪ್ಲೊಮಾ ಓದಿದವನೇ ಹೊರತು ವೈದ್ಯನಲ್ಲ. ಆದರೆ ಗೊಬ್ಬರದ ಪ್ರಯೋಗವನ್ನು ಹೇಗೆ ನಂಬಬೇಕು, ಹೇಗೆ ಅನುಮಾನಿಸಬೇಕು ಎಂಬುದು ನಮ್ಮ ವಿದ್ಯೆ. ಈ ಪ್ರಶ್ನೆಗೂ ಅದೇ ವಿದ್ಯೆ ಬೇಕಾಗುತ್ತದೆ. ಆದುದರಿಂದ ವಿಷಯವನ್ನು ಮೊದಲಿನಿಂದ ನೋಡೋಣ.

ಎರಡು ಕಾಯಿಲೆ, ಎರಡು ದಾರಿ

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಹೃದಯಾಘಾತವೆಂದರೆ ಹೃದಯದ ಮಾಂಸಕ್ಕೆ ರಕ್ತ ತರುವ ನಾಳ ಕಟ್ಟಿಕೊಂಡು ಆ ಭಾಗದ ಮಾಂಸ ಸಾಯತೊಡಗುವುದು. ತೂಬು ಕಟ್ಟಿ ಕೆಳಗಿನ ಗದ್ದೆ ಒಣಗಿದಂತೆ. ಬಡಿತ ತಪ್ಪುವುದು ಬೇರೆ ತೊಂದರೆ. ಅಲ್ಲಿ ನಾಳ ತೆರೆದೇ ಇದ್ದರೂ ಹೃದಯದ ತಾಳ ಕೆಡುತ್ತದೆ. ಒಂದಕ್ಕೆ ಹೇಳಿದ ಮಾತನ್ನು ಇನ್ನೊಂದಕ್ಕೆ ಹಚ್ಚಿದರೆ ಬೆಂಕಿರೋಗಕ್ಕೆ ಕಾಂಡಕೊರಕದ ಔಷಧಿ ಹೊಡೆದಂತಾದೀತು.

ಸಿ ಜೀವಸತ್ವದ ಮಾತ್ರೆ ಹೃದಯಾಘಾತವನ್ನು ತಡೆಯುತ್ತದೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ 14,641 ಮಂದಿ ವೈದ್ಯರೇ ಇದಕ್ಕೆ ಒಪ್ಪಿ ಮುಂದೆ ಬಂದರು. ಕೆಲವರಿಗೆ ದಿನಕ್ಕೆ 500 ಮಿಲಿಗ್ರಾಂ ಸಿ ಜೀವಸತ್ವ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಬರಿಯ ಮಾತ್ರೆ. ಹೀಗೆ ಸರಾಸರಿ ಎಂಟು ವರ್ಷ ನಡೆಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೃದಯಾಘಾತದಲ್ಲಾಗಲಿ ಪಾರ್ಶ್ವವಾಯುವಿನಲ್ಲಾಗಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ 2025ರ ಅಂಜಿಕೆಗೆ ವಿಟಮಿನ್ ಸಿ ಡಬ್ಬಿ ಉತ್ತರವಲ್ಲವೆಂಬುದು ಇಲ್ಲಿಗೇ ತೀರ್ಮಾನವಾಯಿತು. ಉಳಿದದ್ದು ಎರಡನೆಯ ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರದ ತಾಳ ತಪ್ಪುವಿಕೆ. ಇಲ್ಲಿ ಸಂಗತಿ ಅಷ್ಟು ಸರಳವಾಗಿಲ್ಲ.

ತಾಳ ತಪ್ಪುವುದೆಂದರೇನು?

ನಮ್ಮ ಊರುಗಳಲ್ಲಿ ತೇರು ಎಳೆಯುವುದನ್ನು ನೋಡದವರಿಲ್ಲ. ಒಬ್ಬನು ಮುಂದೆ ನಿಂತು ಕೂಗು ಹಾಕುತ್ತಾನೆ. ಹಗ್ಗ ಹಿಡಿದ ನೂರಾರು ಕೈಗಳು ಒಟ್ಟಿಗೆ ಜಗ್ಗುತ್ತವೆ. ತೇರು ಮುಂದಕ್ಕೆ ಹೋಗುತ್ತದೆ. ಹೃದಯವೂ ಹೀಗೆಯೇ. ಅದರಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿವೆ. ಮೇಲಿನ ಬಲಕೋಣೆಯ ಗೋಡೆಯಲ್ಲಿರುವ ಒಂದು ಪುಟ್ಟ ಗಂಟು ಕೂಗು ಹಾಕುವವನಿದ್ದಂತೆ. ಅದು ಕೂಗಿದಾಗ ಮೇಲಿನ ಕೋಣೆಗಳು ಒಮ್ಮೆಗೇ ಮುದುಡಿ ರಕ್ತವನ್ನು ಕೆಳಕ್ಕೆ ದೂಡುತ್ತವೆ. ಕ್ಷಣಮಾತ್ರದ ಬಳಿಕ ಕೆಳಗಿನ ಕೋಣೆಗಳು ಮುದುಡಿ ಅದನ್ನು ಶ್ವಾಸಕೋಶಕ್ಕೂ ಮೈಗೂ ಕಳಿಸುತ್ತವೆ.

ಈಗ ಹಗ್ಗ ಹಿಡಿದವರೆಲ್ಲ ತಾವು ತಾವೇ ಕೂಗತೊಡಗಿದರೆ ಏನಾದೀತು? ಹಗ್ಗ ನಡುಗುತ್ತದೆ, ತೇರು ಕದಲುವುದಿಲ್ಲ. ಮೇಲಿನ ಕೋಣೆಗಳಲ್ಲಿ ಹೀಗಾಗುವುದನ್ನೇ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಕೋಣೆಯ ಗೋಡೆ ಮುದುಡುವುದನ್ನು ಬಿಟ್ಟು ಬರಿದೆ ಅದುರುತ್ತದೆ. ಕೆಳಗಿನ ಕೋಣೆಗಳಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಕೂಗು ತಲುಪುವುದರಿಂದ ನಾಡಿ ಒಮ್ಮೆ ಬೇಗ, ಒಮ್ಮೆ ತಡೆದು, ಲೆಕ್ಕವಿಲ್ಲದೆ ಬಡಿಯುತ್ತದೆ. ರೋಗಿಗೆ ಎದೆ ಡವಗುಟ್ಟುವುದು, ಸುಸ್ತು, ಏದುಸಿರು, ತಲೆ ತಿರುಗುವುದು ಕಾಣಬಹುದು. ಕೆಲವರಿಗೆ ಏನೂ ಗೊತ್ತಾಗದೆಯೂ ಇರಬಹುದು.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಹರಿಯುವ ನೀರಿನಲ್ಲಿ ಪಾಚಿ ಕಟ್ಟುವುದಿಲ್ಲ, ನಿಂತ ನೀರಿನಲ್ಲಿ ಕಟ್ಟುತ್ತದೆ. ಅದುರುವ ಕೋಣೆಯಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು. ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಅಲ್ಲಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಹೊಡೆಯುತ್ತದೆ. ಆದ್ದರಿಂದಲೇ ವೈದ್ಯರು ಇಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಬರೆಯುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರವೇ ಏಕೆ?

ಬೈಪಾಸ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಹೆಚ್ಚುಕಡಿಮೆ 30 ಮಂದಿಗೆ ಈ ತಾಳ ತಪ್ಪುವಿಕೆ ಬರುತ್ತದೆ. ಕವಾಟದ ಶಸ್ತ್ರಚಿಕಿತ್ಸೆಯಾದವರಲ್ಲಿ ಇನ್ನೂ ಹೆಚ್ಚು. ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಆಸ್ಪತ್ರೆಯಲ್ಲಿರುವಾಗಲೇ ಕಾಣಿಸಿಕೊಳ್ಳುತ್ತದೆ. ಬಹಳ ಮಂದಿಗೆ ಕೆಲವು ದಿನ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಆಸ್ಪತ್ರೆಯ ವಾಸ ಉದ್ದವಾಗುತ್ತದೆ. ಜೊತೆಗಿರುವವರ ಊಟ, ವಸತಿ, ಊರಿನಲ್ಲಿ ಕರೆಯುವವರಿಲ್ಲದ ಹಸು, ನೀರು ಕಟ್ಟುವವರಿಲ್ಲದ ಗದ್ದೆ, ಇವೆಲ್ಲ ಸೇರಿದರೆ ಒಂದು ದಿನ ಹೆಚ್ಚಾದರೂ ರೈತನ ಮನೆಗೆ ಅದು ಭಾರವೇ.

ಕಾರಣಗಳು ಹಲವು. ವಯಸ್ಸು ಹೆಚ್ಚಿದಷ್ಟೂ ಇದು ಹೆಚ್ಚು. ಕತ್ತರಿ ಮುಟ್ಟಿದ ಹೃದಯ ಊದಿಕೊಳ್ಳುತ್ತದೆ. ಹೃದಯವನ್ನು ಸುತ್ತಿದ ಚೀಲದಲ್ಲಿ ರಕ್ತ, ನೀರು ನಿಲ್ಲುತ್ತದೆ. ರಕ್ತದಲ್ಲಿನ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಲವಣಗಳು ಏರುಪೇರಾಗುತ್ತವೆ. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ಹತ್ತಿರದ್ದು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹೃದಯಕ್ಕೆ ರಕ್ತ ಬಿಡುವುದುಂಟು. ಬಹಳ ದಿನ ಒಣಗಿದ ಕಾಲುವೆಗೆ ಒಮ್ಮೆಲೇ ನೀರು ಬಿಟ್ಟರೆ ಏರಿ ಕೊರೆಯುವಂತೆ, ಮರಳಿ ಬಂದ ರಕ್ತದ ಆಮ್ಲಜನಕದಿಂದ ಕೆಲವು ಉಗ್ರ ಕಣಗಳು ಹುಟ್ಟಿ ಹೃದಯದ ಮಾಂಸವನ್ನು ಕೆರಳಿಸುತ್ತವೆ.

ಸಿ ಜೀವಸತ್ವ ಇಲ್ಲಿ ಹೇಗೆ ಬಂತು?

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಒಸಡು ಕೊಳೆತು ಸಾಯುತ್ತಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದರು. ಆ ಹಣ್ಣುಗಳ ಗುಣ ಸಿ ಜೀವಸತ್ವದ್ದೆಂದು ತಿಳಿಯಲು ಇನ್ನೂರು ವರ್ಷಗಳೇ ಹಿಡಿದವು. ಹಂಗೆರಿಯ ವಿಜ್ಞಾನಿ ಸೆಂಟ್ ಜ್ಯಾರ್ಜಿ ಅದನ್ನು ಬೇರ್ಪಡಿಸಿ 1937ರಲ್ಲಿ ನೊಬೆಲ್ ಬಹುಮಾನ ಪಡೆದರು. ದನ, ನಾಯಿಗಳು ತಮ್ಮ ಮೈಯಲ್ಲೇ ಇದನ್ನು ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಆಹಾರದಿಂದಲೇ ಬರಬೇಕು.

ಮೇಲೆ ಹೇಳಿದ ಉಗ್ರ ಕಣಗಳನ್ನು ತಣಿಸುವುದು ಈ ಜೀವಸತ್ವದ ಕೆಲಸಗಳಲ್ಲಿ ಒಂದು. ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಯ ರಕ್ತದಲ್ಲಿ ಇದರ ಮಟ್ಟ ಇಳಿಯುವುದೂ ಕಂಡುಬಂದಿದೆ. ಹಾಗಾದರೆ ಮೊದಲೇ ಕೊಟ್ಟರೆ ತಾಳ ತಪ್ಪದಿರಬಹುದೇ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಯೋಚನೆ ಚೆನ್ನಾಗಿದೆ. ಆದರೆ ಚೆನ್ನಾಗಿ ಕಾಣುವ ಯೋಚನೆಯೆಲ್ಲ ಹೊಲದಲ್ಲಿ ಫಲ ಕೊಡುವುದಿಲ್ಲವೆಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಪ್ರಯೋಗದ ತಾಕು, ಹೋಲಿಕೆಯ ತಾಕು

ಹೊಸ ಗೊಬ್ಬರ ಬಂದಾಗ ನಾವು ಏನು ಮಾಡುತ್ತೇವೆ? ಒಂದೇ ಹೊಲದಲ್ಲಿ ಎರಡು ತಾಕು ಮಾಡುತ್ತೇವೆ. ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಕೊಯ್ಲಿನಲ್ಲಿ ಎರಡನ್ನೂ ತೂಗುತ್ತೇವೆ. ಯಾವ ತಾಕಿಗೆ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಇಲ್ಲವಾದರೆ ಗೊಬ್ಬರದ ಮೇಲೆ ಅಭಿಮಾನವಿದ್ದವನು ತಿಳಿದೋ ತಿಳಿಯದೆಯೋ ಒಳ್ಳೆಯ ಮಣ್ಣಿನ ತಾಕನ್ನೇ ಅದಕ್ಕೆ ಆರಿಸುತ್ತಾನೆ. ಔಷಧಿಯ ಪ್ರಯೋಗವೂ ಇದೇ ನಿಯಮದ್ದು. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಬೇಕು; ಯಾರಿಗೆ ಔಷಧಿ, ಯಾರಿಗೆ ಬರಿಯ ಮಾತ್ರೆ ಎಂಬುದು ರೋಗಿಗೂ ನೋಡಿಕೊಳ್ಳುವ ವೈದ್ಯರಿಗೂ ತಿಳಿಯದಂತಿರಬೇಕು.

ಈಗ ಫಲಿತಾಂಶಗಳನ್ನು ನೋಡೋಣ. 2001ರಲ್ಲಿ ಅಮೆರಿಕದ ಓಹಿಯೋದಲ್ಲಿ ಬೈಪಾಸ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ 2 ಗ್ರಾಂ, ನಂತರ ಐದು ದಿನ ದಿನಕ್ಕೆರಡು ಬಾರಿ ಅರ್ಧ ಗ್ರಾಂ ಸಿ ಜೀವಸತ್ವ ಕೊಟ್ಟರು. ಕೊಟ್ಟ 43 ಮಂದಿಯಲ್ಲಿ 7 ಮಂದಿಗೆ, ಕೊಡದ 43 ಮಂದಿಯಲ್ಲಿ 15 ಮಂದಿಗೆ ತಾಳ ತಪ್ಪಿತು. ಅರ್ಧಕ್ಕರ್ಧ ಇಳಿಕೆ! ಆದರೆ ಇಲ್ಲಿ ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ; ಹೋಲುವ ರೋಗಿಗಳನ್ನು ಆರಿಸಿ ಹೋಲಿಸಿದ್ದರು. 2007ರಲ್ಲಿ ಇರಾನಿನಲ್ಲಿ ಚೀಟಿ ಎತ್ತಿಯೇ 100 ಮಂದಿಯನ್ನು ಎರಡು ಸಮಭಾಗ ಮಾಡಿದರು. ಎಲ್ಲರಿಗೂ ಬಡಿತವನ್ನು ಹತೋಟಿಯಲ್ಲಿಡುವ ಬೀಟಾ ಬ್ಲಾಕರ್ ಮಾತ್ರೆಯಿತ್ತು. ಅದರ ಜೊತೆಗೆ ಸಿ ಜೀವಸತ್ವ ಪಡೆದ 50 ಮಂದಿಯಲ್ಲಿ ಇಬ್ಬರಿಗೆ, ಪಡೆಯದ 50 ಮಂದಿಯಲ್ಲಿ 13 ಮಂದಿಗೆ ತಾಳ ತಪ್ಪಿತು.

ಇದನ್ನು ಕೇಳಿದರೆ ಯಾರಾದರೂ ಅಂಗಡಿಗೆ ಹೊರಡಲು ಏಳಬಹುದು. ಸ್ವಲ್ಪ ಕುಳಿತುಕೊಳ್ಳಿ. 2012ರಲ್ಲಿ ಅಮೆರಿಕದಿಂದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಇದರಲ್ಲಿ ಚೀಟಿಯೂ ಇತ್ತು, ಬರಿಯ ಮಾತ್ರೆಯೂ ಇತ್ತು. ಸಿ ಜೀವಸತ್ವ ಪಡೆದ 89 ಮಂದಿಯಲ್ಲಿ ನೂರಕ್ಕೆ 30.3, ಪಡೆಯದ 96 ಮಂದಿಯಲ್ಲಿ ನೂರಕ್ಕೆ 30.2ರಂತೆ ತಾಳ ತಪ್ಪಿತು. ತಕ್ಕಡಿಯ ಎರಡು ತಟ್ಟೆಯೂ ಸಮ.

2017ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಹ್ಯಾರಿ ಹೆಮಿಲಾ ಮತ್ತು ಟಿಮೋ ಸುಒನ್‌ಸುರ್ಯಾ ಎಂಬ ಇಬ್ಬರು ಇಂಥ 15 ಪ್ರಯೋಗಗಳನ್ನು, ಒಟ್ಟು 2,050 ರೋಗಿಗಳ ಲೆಕ್ಕವನ್ನು ಒಂದೆಡೆ ಸೇರಿಸಿ ನೋಡಿದರು. ಆಗ ಕಂಡ ಸಂಗತಿ ವಿಚಿತ್ರವಾದುದು. ಅಮೆರಿಕದ ಐದು ಪ್ರಯೋಗಗಳಲ್ಲಿ ಸಿ ಜೀವಸತ್ವದಿಂದ ಯಾವ ಪ್ರಯೋಜನವೂ ಇರಲಿಲ್ಲ. ಅಮೆರಿಕದ ಹೊರಗೆ ಹೃದಯದ ಶಸ್ತ್ರಚಿಕಿತ್ಸೆಯಾದವರಲ್ಲಿ ತಾಳ ತಪ್ಪುವುದು ನೂರಕ್ಕೆ 44ರಷ್ಟು ಕಡಿಮೆಯಾಗಿತ್ತು. ಅಂದರೆ 30 ಮಂದಿಗೆ ಬರಬೇಕಾದಲ್ಲಿ ಸುಮಾರು 17 ಮಂದಿಗೆ ಬಂದಂತೆ.

ಒಂದೇ ಗೊಬ್ಬರ, ಎರಡು ಫಲ ಏಕೆ?

ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಮೊದಲನೆಯದು ನಮ್ಮ ಗದ್ದೆಯಲ್ಲಿಯೇ ಸಿಗುತ್ತದೆ. ಸತುವಿನ ಕೊರತೆಯಿರುವ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕಿದರೆ ಕಂದಿದ ಭತ್ತದ ಪೈರು ಹಸಿರಾಗುತ್ತದೆ. ಸತು ಸಾಕಷ್ಟಿರುವ ಗದ್ದೆಗೆ ಅದನ್ನೇ ಹಾಕಿದರೆ ಹಣ ಕೆಸರಿಗೆ ಹೋಗುತ್ತದೆ. ಹಾಗೆಯೇ ಆಹಾರದಲ್ಲಿ ಸಿ ಜೀವಸತ್ವ ಸಾಕಷ್ಟಿದ್ದವರಿಗೆ ಮಾತ್ರೆಯಿಂದ ಲಾಭವಿಲ್ಲದೆ, ಕೊರತೆಯಿದ್ದವರಿಗೆ ಮಾತ್ರ ಲಾಭವಾಗಿರಬಹುದು. ಇದು ಒಪ್ಪತಕ್ಕ ಊಹೆ, ಊಹೆಯೆಂದೇ ಇಟ್ಟುಕೊಳ್ಳಬೇಕು.

ಎರಡನೆಯ ಉತ್ತರ ಪ್ರಯೋಗದ ಗಾತ್ರದ್ದು. ಒಂದು ಗುಂಟೆಯ ತಾಕಿನಲ್ಲಿ ಬಂದ ಇಳುವರಿ ನೂರು ಎಕರೆಗೆ ಹಬ್ಬಿಸಿದಾಗ ನಿಲ್ಲದಿರುವುದನ್ನು ನಾವು ಕಂಡಿದ್ದೇವೆ. ಸಿ ಜೀವಸತ್ವದ ಪ್ರಯೋಗಗಳಲ್ಲಿ ಹೆಚ್ಚಿನವು ನೂರಿನ್ನೂರು ಮಂದಿಯ ಸಣ್ಣ ತಾಕುಗಳು. ಮೀನಿನ ಎಣ್ಣೆಯ ಕಥೆ ಇಲ್ಲಿ ನೆನಪಿಡತಕ್ಕದ್ದು. ಸಣ್ಣ ಪ್ರಯೋಗಗಳಲ್ಲಿ ಅದೂ ಶಸ್ತ್ರಚಿಕಿತ್ಸೆಯ ನಂತರದ ತಾಳ ತಪ್ಪುವಿಕೆಯನ್ನು ತಡೆಯುವಂತೆ ಕಂಡಿತ್ತು. 2012ರಲ್ಲಿ ಅಮೆರಿಕ, ಇಟಲಿ, ಅರ್ಜೆಂಟೀನಗಳ 1,516 ರೋಗಿಗಳಲ್ಲಿ ಪರೀಕ್ಷಿಸಿದಾಗ ಎರಡು ಗುಂಪಿನಲ್ಲೂ ನೂರಕ್ಕೆ ಸುಮಾರು 30 ಮಂದಿಗೆ ತಾಳ ತಪ್ಪಿ, ಆ ಆಸೆ ಕೈಬಿಟ್ಟಿತು. ಸಿ ಜೀವಸತ್ವವೇ ಇನ್ನೊಂದು ಕಾಯಿಲೆಯಲ್ಲಿ ಇನ್ನೂ ಕಟುವಾದ ಪಾಠ ಕಲಿಸಿತು. ನಂಜು ಮೈಗೆಲ್ಲ ಏರಿ ತೀವ್ರ ನಿಗಾ ಘಟಕದಲ್ಲಿ ಮಲಗಿದವರಿಗೆ ಅದನ್ನು ರಕ್ತನಾಳದ ಮೂಲಕ ಹೆಚ್ಚಾಗಿ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಪಡೆದವರಲ್ಲಿ ನೂರಕ್ಕೆ 44.5 ಮಂದಿ ಸತ್ತರು ಇಲ್ಲವೆ ಅಂಗಾಂಗ ಸೋತು ಉಳಿದರು, ಪಡೆಯದವರಲ್ಲಿ 38.5. ಹಣ್ಣಿನಲ್ಲಿರುವ ವಸ್ತುವಾದ ಮಾತ್ರಕ್ಕೆ ಎಷ್ಟು ಕೊಟ್ಟರೂ ಕೇಡಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ವೈದ್ಯರು ಈ ತಾಳ ತಪ್ಪುವಿಕೆಯನ್ನು ಯಾವುದರಿಂದ ತಡೆಯುತ್ತಾರೆ? ಬೀಟಾ ಬ್ಲಾಕರ್ ಮಾತ್ರೆಯನ್ನು ನಿಲ್ಲಿಸದೆ ಮುಂದುವರಿಸುವುದು, ಬೇಕಾದವರಿಗೆ ಅಮಿಯೋಡರೋನ್ ಕೊಡುವುದು, ಲವಣಗಳನ್ನು ನೋಡಿಕೊಳ್ಳುವುದು, ಇವು ರೂಢಿಯಲ್ಲಿರುವ ಕ್ರಮಗಳು. ಹೃದಯದ ಚೀಲದ ಹಿಂಭಾಗದಲ್ಲಿ ಸಣ್ಣ ಸೀಳು ಕೊಟ್ಟು ನಿಂತ ರಕ್ತ, ನೀರು ಬಸಿದುಹೋಗುವಂತೆ ಮಾಡುವ ಕ್ರಮವನ್ನು ನ್ಯೂಯಾರ್ಕಿನಲ್ಲಿ 420 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ತಾಳ ತಪ್ಪುವುದು ನೂರಕ್ಕೆ 32ರಿಂದ 17ಕ್ಕೆ ಇಳಿಯಿತು. ಬಸಿಗಾಲುವೆಯ ಬೆಲೆ ತಿಳಿದ ನಮ್ಮ ಆಲೂಗೆಡ್ಡೆ ಬೆಳೆಗಾರರಿಗೆ ಇದು ಆಶ್ಚರ್ಯವೆನಿಸದು.

ತಮ್ಮ ಮನೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದರೆ

ಹೊಳೆನರಸೀಪುರದ ಕಡೆಯ ಒಂದು ಮನೆಯಲ್ಲಿ ಅಕ್ಕನಿಗೆ ಹೃದಯದ ಕವಾಟ ಬದಲಾಯಿಸಿತ್ತು. ತಮ್ಮ ಪೇಟೆಯಿಂದ ವಿಟಮಿನ್ ಸಿ ಮಾತ್ರೆ ತಂದಿದ್ದರು. "ಇದನ್ನು ಕೊಟ್ಟು, ರಕ್ತ ತೆಳುವಾಗಿಸುವ ಆ ಮಾತ್ರೆಯನ್ನು ಬಿಡಿಸಬಹುದೇ? ಅದಕ್ಕೆ ಪದೇ ಪದೇ ರಕ್ತಪರೀಕ್ಷೆಗೆ ಹೋಗಬೇಕಲ್ಲ, ಒಂದು ದಿನದ ಕೂಲಿ ಹೋಗುತ್ತದೆ" ಎಂದು ಅವರು ಕೇಳಿದರು. ಕೇಳಿದುದು ಒಳ್ಳೆಯದಾಯಿತು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ವಾರ್ಫರಿನ್, ಅಸಿನೋಕೌಮರಾಲ್ ಮುಂತಾದ ಮಾತ್ರೆಗಳ ಬದಲಿಗೆ ಯಾವ ಜೀವಸತ್ವವೂ ಸಲ್ಲದು. ಲೋಹದ ಕವಾಟ ಹಾಕಿಸಿಕೊಂಡವರು ಆ ಮಾತ್ರೆಯನ್ನು ಬಿಟ್ಟರೆ ಕವಾಟದ ಮೇಲೆಯೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ರಕ್ತಪರೀಕ್ಷೆಗೆ ಹೋದ ದಿನದ ಕೂಲಿ ಮತ್ತೆ ದುಡಿಯಬಹುದು.

ಇಂಥ ಮನೆಯವರು ಗಮನಿಸಬೇಕಾದ ಅಂಶಗಳು:

1. ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ತಾವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಲೇಹ್ಯ, ಪುಡಿಗಳನ್ನು ವೈದ್ಯರಿಗೆ ತೋರಿಸಿ. ಸಿ ಜೀವಸತ್ವ ಬೇಕೇ ಎಂದು ಕೇಳಲು ಸಂಕೋಚ ಬೇಡ. ಅವರು ಕೊಟ್ಟರೆ ಅವರು ಹೇಳಿದಷ್ಟು, ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ.

2. ತಾವಾಗಿಯೇ ದಿನಕ್ಕೆ ಗ್ರಾಂಗಟ್ಟಲೆ ನುಂಗಬೇಡಿ. ಹೆಚ್ಚಾದರೆ ಹೊಟ್ಟೆ ನೊಂದು ಭೇದಿಯಾಗುತ್ತದೆ. ಮೂತ್ರದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಇನ್ನೂ ಎಚ್ಚರವಾಗಿರಬೇಕು.

3. ವಾರ್ಫರಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ ತಿಂದು, ಮರುವಾರ ಪೂರ್ತಿ ಬಿಡಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಿರಲಿ.

4. ಚನ್ನರಾಯಪಟ್ಟಣದ ಕಡೆ ರೋಗಿಯನ್ನು ನೋಡಲು ಹೋಗುವವರು ಎಳನೀರು ಒಯ್ಯುವುದು ವಾಡಿಕೆ. ಎಳನೀರಿನಲ್ಲಿ ಪೊಟ್ಯಾಸಿಯಮ್ ಹೆಚ್ಚು. ಮೂತ್ರಪಿಂಡ ಸೋತವರಿಗೂ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಆಗದು. ವೈದ್ಯರನ್ನು ಕೇಳಿ ಕೊಡಿ.

5. ಮನೆಗೆ ಬಂದ ಮೇಲೆ ದಿನಕ್ಕೊಮ್ಮೆ ನಾಡಿ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಎರಡು ಬೆರಳಿಟ್ಟು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ಮನೆ ಕುಳಿತಿರುವಾಗ 60ರಿಂದ 100ರ ಒಳಗೆ, ಒಂದೇ ಸಮನಾಗಿ ಇರಬೇಕು. ಲೆಕ್ಕವಿಲ್ಲದೆ ತಪ್ಪಿ ತಪ್ಪಿ ಬಡಿದರೆ, ತೀರ ವೇಗವಾಗಿದ್ದರೆ, ಆ ದಿನವೇ ಆಸ್ಪತ್ರೆಗೆ ಹೋಗಿ.

6. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ನೋಡೋಣ ಎನ್ನಬೇಡಿ.

ಕೊರತೆಯನ್ನು ತುಂಬುವುದು ಹಿತ್ತಲಿನ ಕೆಲಸ

ಕೊರತೆಯಿದ್ದವರಿಗೆ ಮಾತ್ರ ಲಾಭವೆಂಬ ಊಹೆ ನಿಜವಾದರೂ ಸರಿ, ಸುಳ್ಳಾದರೂ ಸರಿ, ಮೈಯಲ್ಲಿ ಸಿ ಜೀವಸತ್ವದ ಕೊರತೆಯಿಲ್ಲದಂತೆ ನೋಡಿಕೊಳ್ಳುವುದು ಬುದ್ಧಿವಂತಿಕೆ. ಗಾಯ ಮಾಯಲು, ಒಸಡು ಗಟ್ಟಿಯಾಗಿರಲು ಅದು ಬೇಕೇ ಬೇಕು. ರಾಗಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲೂ ಅದು ನೆರವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಗೊತ್ತುಮಾಡಿದಂತೆ ದಿನಕ್ಕೆ ಗಂಡಸಿಗೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು. ಬೀಡಿ, ಸಿಗರೇಟು ಸೇದುವವರ ಮೈಯಲ್ಲಿ ಇದು ಬೇಗ ಖರ್ಚಾಗುತ್ತದೆ. ರಾಮನಾಥಪುರದ ಮಾರುಕಟ್ಟೆಗೆ ಹೊಗೆಸೊಪ್ಪು ಒಯ್ಯುವ ಅರಕಲಗೂಡಿನ ಬಂಧುಗಳು ಬೆಳೆದು ಮಾರಿದ್ದನ್ನು ತಾವೇ ಸೇದದಿದ್ದರೆ ಹೃದಯಕ್ಕೆ ಯಾವ ಮಾತ್ರೆಗಿಂತಲೂ ಹೆಚ್ಚಿನ ಉಪಕಾರವಾದೀತು.

ಈ 80 ಮಿಲಿಗ್ರಾಂ ಎಲ್ಲಿಂದ ಬರಬೇಕು? ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇದೆ. ಅಂದರೆ ಅರ್ಧ ಹಣ್ಣು ತಿಂದರೂ ದಿನದ ಲೆಕ್ಕ ತೀರಿತು. ನೂರು ಗ್ರಾಂ ನೆಲ್ಲಿಕಾಯಿಯಲ್ಲಿ ತಳಿ ಮತ್ತು ಬಲಿತ ಹದಕ್ಕೆ ತಕ್ಕಂತೆ 250ರಿಂದ 600 ಮಿಲಿಗ್ರಾಂ ಇರುತ್ತದೆ. ನುಗ್ಗೆಸೊಪ್ಪು, ನಿಂಬೆ, ಹಸಿಮೆಣಸಿನಕಾಯಿ, ಟೊಮ್ಯಾಟೊಗಳಲ್ಲೂ ಇದೆ. ಒಣಗಿದ ಹುರುಳಿಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಅದೇ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಹೊಸದಾಗಿ ಹುಟ್ಟುತ್ತದೆ. ನಮ್ಮ ತಾಯಂದಿರು ಮಾಡುವ ಮೊಳಕೆಕಾಳಿನ ಸಾರಿಗೆ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು.

ಸಿ ಜೀವಸತ್ವ ಬೆಂಕಿಗೂ ನೀರಿಗೂ ಗಾಳಿಗೂ ನಿಲ್ಲದು. ಆದುದರಿಂದ ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ, ಸ್ವಲ್ಪ ನೀರಿನಲ್ಲಿ ಮುಚ್ಚಳ ಮುಚ್ಚಿ ಬೇಗ ಬೇಯಿಸಿ, ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಿ. ರಕ್ತದ ಒತ್ತಡವಿರುವವರು ನೆಲ್ಲಿಕಾಯಿಯನ್ನು ಉಪ್ಪಿನಕಾಯಿಯಾಗಿ ತಿನ್ನಬಾರದು. ಸಕ್ಕರೆ ಕಾಯಿಲೆಯವರು ಮುರಬ್ಬ, ಸಿಹಿ ಪಾನಕದ ರೂಪದಲ್ಲಿ ಬಳಸಬಾರದು.

ಹಿತ್ತಲಿನಲ್ಲಿ ಜಾಗವಿದ್ದರೆ ಮುಂಗಾರಿನಲ್ಲಿ ಎರಡು ಸೀಬೆ, ಒಂದು ನಿಂಬೆ, ಬೇಲಿಯ ಬದಿಗೆ ಒಂದು ನುಗ್ಗೆ ನೆಡಿ. ಸೀಬೆಯಲ್ಲಿ ಅಲಹಾಬಾದ್ ಸಫೇದ, ಸರ್ದಾರ್ ತಳಿಗಳು ಒಳ್ಳೆಯವು. ಗಿಡದಿಂದ ಗಿಡಕ್ಕೆ 6 ಮೀಟರ್ ಇರಲಿ. ನೆಲ್ಲಿಯನ್ನು ಹೊಲದ ಬದುವಿಗೆ 8 ಮೀಟರ್ ಅಂತರದಲ್ಲಿ ಹಾಕಿ. ಆದರೆ ಒಂದೇ ತಳಿ ಹಾಕಿದರೆ ಕಾಯಿ ಸರಿಯಾಗಿ ಕಚ್ಚದು, ಎರಡು ಬೇರೆ ಬೇರೆ ತಳಿಯ ಕಸಿಗಿಡಗಳನ್ನು ಹತ್ತಿರ ಹತ್ತಿರ ನೆಡಬೇಕು. ಸೀಬೆಯ ಕಸಿಗಿಡ ಎರಡು ಮೂರು ವರ್ಷಕ್ಕೇ ಫಲ ಕೊಡತೊಡಗುತ್ತದೆ. ಮಾತ್ರೆಯ ಡಬ್ಬಿ ತಿಂಗಳಿಗೆ ಖಾಲಿಯಾಗುತ್ತದೆ. ಗಿಡ ಮೊಮ್ಮಕ್ಕಳಿಗೂ ಉಳಿಯುತ್ತದೆ.

ಮಕ್ಕಳ ಗಂಟಲುನೋವನ್ನು ಕಡೆಗಣಿಸಬೇಡಿ

ಕವಾಟ ಕೆಟ್ಟು ಶಸ್ತ್ರಚಿಕಿತ್ಸೆಗೆ ಹೋಗುವವರಲ್ಲಿ ಅನೇಕರ ಕಾಯಿಲೆ ಬಾಲ್ಯದಲ್ಲಿಯೇ ಬಿತ್ತನೆಯಾಗಿರುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಒಂದು ಬಗೆಯ ರೋಗಾಣುವಿನಿಂದ ಗಂಟಲುನೋವು, ಜ್ವರ ಬಂದು, ಕೆಲವು ವಾರಗಳ ಬಳಿಕ ಕೀಲುಗಳು ಊದಿ, ಕೆಲವರಲ್ಲಿ ಹೃದಯದ ಕವಾಟಕ್ಕೆ ಗಾಯವಾಗುತ್ತದೆ. ಇದು ಸಂಧಿವಾತ ಜ್ವರ. ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಜಾತಿಯ ಔಷಧಿ ಕೊಡಿಸಿದರೆ ಇದನ್ನು ತಡೆಯಬಹುದು. ಒಮ್ಮೆ ಬಂದ ಮಗುವಿಗೆ ವೈದ್ಯರು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಹೇಳುತ್ತಾರೆ. ಅದನ್ನು ಜಾತ್ರೆ, ಸುಗ್ಗಿಯೆಂದು ತಪ್ಪಿಸಬಾರದು. ಮಗುವಿನ ಒಂದು ಚುಚ್ಚುಮದ್ದು ಮುಂದಿನ ಒಂದು ಶಸ್ತ್ರಚಿಕಿತ್ಸೆಯನ್ನೇ ಉಳಿಸಬಹುದು.

30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯೇ ಬೇಕೆಂದಾಗ ಸಾಲಕ್ಕೆ ಓಡುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೆರವು ಸಿಗುವುದೇ ಎಂದು ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ವಿಚಾರಿಸಿ. ವೈದ್ಯರು ಬರೆದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ, ಬರೆಯದ ಮಾತ್ರೆಯನ್ನು ಕೊಳ್ಳಬೇಡಿ. ಆ ಹಣಕ್ಕೆ ಈ ಮುಂಗಾರಿನಲ್ಲಿ ಎರಡು ಕಸಿಗಿಡ ಬರುತ್ತವೆ. ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲು ಕಾಯಿಸಿಡಿ.